ಎರಡು ತರಗತಿ ಬಿಟ್ಟು ಒಂದು ಜಗಲಿ ಕಟ್ಟೋಣವೇ?

ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿಗೆ ಹೊಸ ಕಟ್ಟಡ ಬರುತ್ತಿದೆ ಅಂದುಕೊಳ್ಳಿ. ಕೈಯಲ್ಲಿರುವ ದುಡ್ಡು ಎಂಟು ಕೊಠಡಿಗೆ ಸಾಕು. ಎಂಟನ್ನೂ ತರಗತಿಯನ್ನೇ ಮಾಡಬೇಕಾ? ಅಥವಾ ಆರು ತರಗತಿ ಕಟ್ಟಿ, ಉಳಿದೆರಡರ ಜಾಗದಲ್ಲಿ ಮಕ್ಕಳು ಕೂರಲು, ಓದಲು ಒಂದು ದೊಡ್ಡ ಜಗಲಿ ಬಿಡಬೇಕಾ? ಒಬ್ಬರು ಪಾಠ ಮಾಡುವವರು, ಇನ್ನೊಬ್ಬರು ಕಟ್ಟಡ ಕಟ್ಟಿಸಿದವರು. ಇಬ್ಬರ ಮಾತೂ ಇಲ್ಲಿದೆ.

ಪರ: ಎಂಟೂ ಕಾಲಿನ ಬಸ್ಸಿಗೆ ಬಂದವರು ಎಲ್ಲಿ ಕೂರಬೇಕು?

ನಮ್ಮ ಕಾಲೇಜಿನ ಮಕ್ಕಳಿಗೆ ಹಳ್ಳಿ ಕಡೆಯ ಮೊದಲ ಬಸ್ಸು ಬರುವುದು ಬೆಳಿಗ್ಗೆ ಎಂಟೂ ಕಾಲಿಗೆ. ಮೊದಲ ಪಾಠ ಹತ್ತಕ್ಕೆ. ನಡುವಿನ ಹೊತ್ತಿನಲ್ಲಿ ನಲವತ್ತು ಐವತ್ತು ಮಕ್ಕಳು ಏನು ಮಾಡುತ್ತಾರೆ ಗೊತ್ತಾ? ಸುಮ್ನೆ ನಿಂತಿರುತ್ತಾರೆ. ತರಗತಿಗಳಿಗೆ ಬೀಗ. ಲೈಬ್ರರಿ ತೆರೆಯುವುದೂ ಹತ್ತಕ್ಕೆ, ಅದಕ್ಕೂ ಬ್ಯಾಗು ಹೊರಗಿಟ್ಟು ಹೋಗಬೇಕು. ಹುಡುಗರು ಬಸ್‌ಸ್ಟ್ಯಾಂಡಿನ ಬೇಕರಿ ಮುಂದೆ ಕಾಲ ಕಳೆಯುತ್ತಾರೆ. ಹುಡುಗಿಯರು ಮೆಟ್ಟಿಲ ಮೇಲೆ ಕೂರುತ್ತಾರೆ, ಯಾರಾದರೂ ಹತ್ತಿ ಬಂದರೆ ಎದ್ದು ದಾರಿ ಬಿಡುತ್ತಾರೆ, ಮತ್ತೆ ಕೂರುತ್ತಾರೆ. ಹಿಂದಿನ ದಿನದ ನೋಟ್ಸ್ ತೊಡೆಯ ಮೇಲಿಟ್ಟು ಬರೆಯುವವರನ್ನು ನಾನು ದಿನಾ ದಾಟಿಕೊಂಡು ಹೋಗುತ್ತೇನೆ.

ಮಧ್ಯಾಹ್ನವೂ ಇದೇ ಕತೆ. ಒಂದೂವರೆಗೆ ಪಾಠ ಮುಗಿಯುತ್ತದೆ. ಊರಿನ ಬಸ್ಸು ನಾಲ್ಕಕ್ಕೆ. ಲೆಕ್ಕ ಹಾಕಿ ನೋಡಿ. ಆ ಹುಡುಗಿ ನಮ್ಮ ಹತ್ತಿರ ಇರುವುದು ಏಳೂ ಮುಕ್ಕಾಲು ಗಂಟೆ. ಅದರಲ್ಲಿ ಪಾಠ ಮೂರೂವರೆ ಗಂಟೆ. ಉಳಿದ ನಾಲ್ಕೂ ಕಾಲು ಗಂಟೆಗೆ ನಮ್ಮ ನಕ್ಷೆಯಲ್ಲಿ ಒಂದು ಚೌಕವೂ ಇಲ್ಲ!

ಬಸ್ಸು ಜಾಸ್ತಿ ಮಾಡಿಸಿ ಅನ್ನಬಹುದು. ಮಲೆನಾಡಿನ ಬಸ್ಸಿನ ಕತೆ ಗೊತ್ತಿದ್ದವರು ಹಾಗೆ ಅನ್ನುವುದಿಲ್ಲ. ಕಾರ್ಮಿಕರೇ ಸೇರಿ 1991ರಲ್ಲಿ ಶುರು ಮಾಡಿದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಆದರೆ ಒಳಗಿನ ಊರುಗಳಿಗೆ ಹೋಗುವುದು ಹೆಚ್ಚಾಗಿ ಪ್ರೈವೇಟ್ ಬಸ್ಸುಗಳೇ. ಅಲ್ಲಿ ಟಿಕೆಟ್ ತಗೊಳ್ಳಲೇಬೇಕು. ಬಸ್ಸಿನ ಟೈಮು ನಮ್ಮ ಕೈಯಲ್ಲಿಲ್ಲ. ಕಟ್ಟಡದ ನಕ್ಷೆ ಇದೆ.

ಇನ್ನೊಂದು ವಿಷಯ ಈಗಿನ ಮಕ್ಕಳದ್ದೇ. ಕೊರೋನಾ ಕಾಲದಲ್ಲಿ ನಮ್ಮ ಕಡೆಯ ಮಕ್ಕಳು ಆನ್‌ಲೈನ್ ಪಾಠ ಕೇಳಲು ಕೊಡೆ ಹಿಡಿದು ಗುಡ್ಡ ಹತ್ತಿದ್ದು ಎಲ್ಲರಿಗೂ ನೆನಪಿದೆ. ಇವತ್ತಿಗೂ ಎಷ್ಟೋ ಮನೆಗಳಲ್ಲಿ ಸಿಗ್ನಲ್ ಬರುವುದು ಅಂಗಳದ ಒಂದು ಮೂಲೆಯಲ್ಲಿ ಮಾತ್ರ. ಗಾಳಿ ಮಳೆಗೆ ಕರೆಂಟು ಹೋದರೆ ಅದೂ ಇಲ್ಲ. ಅಂಥ ಹುಡುಗನಿಗೆ ಅಸೈನ್‌ಮೆಂಟು, ಸ್ಕಾಲರ್‌ಶಿಪ್ ಅರ್ಜಿ, ಪಾಠದ ವಿಡಿಯೊ ಎಲ್ಲವೂ ಕಾಲೇಜಿನಲ್ಲಿದ್ದಾಗಲೇ ಆಗಬೇಕು. ಪ್ಲಗ್ ಪಾಯಿಂಟ್ ಎಲ್ಲಿದೆ? ತರಗತಿಯಲ್ಲಿ ಒಂದು, ಅದೂ ಮೇಷ್ಟ್ರ ಮೇಜಿನ ಹಿಂದೆ. ನಮ್ಮಲ್ಲಿ ನೀರಿನ ಫಿಲ್ಟರ್ ಬಿಚ್ಚಿ ಆ ಸಾಕೆಟ್ಟಿಗೆ ಫೋನು ಚುಚ್ಚುತ್ತಾರೆ. ಬೈದರೆ ನಗುತ್ತಾರೆ. ನನಗೂ ಈಗ ಬೈಯಲು ಮನಸ್ಸು ಬರುವುದಿಲ್ಲ.

ಜಗಲಿ ಅಂದರೆ ನನ್ನ ಕಣ್ಣಿಗೆ ಬರುವುದು ತೀರ್ಥಹಳ್ಳಿ ಕಡೆಯ ಅಜ್ಜಿ ಮನೆ. ಚೌಕಿಮನೆ. ನಡುವೆ ಅಂಗಳ, ಸುತ್ತ ಒಳಜಗಲಿ, ಮುಂದೆ ಹೊರಜಗಲಿ. ಅಡಿಕೆ ಸುಲಿಯುವುದು, ಹರಟೆ ಹೊಡೆಯುವುದು, ಹೊತ್ತಾಗಿ ಬಂದ ನೆಂಟರು ಮಲಗುವುದು, ಎಲ್ಲ ಅಲ್ಲೇ. ನಾನು ಮಗ್ಗಿ ಕಲಿತದ್ದು ಒಳಜಗಲಿಯ ಕಂಬಕ್ಕೆ ಒರಗಿಕೊಂಡು. ಇಂಥದ್ದಕ್ಕೇ ಅಂತ ಹೆಸರಿಡದ ಜಾಗ ಅದು. ಅದಕ್ಕೇ ಎಲ್ಲದಕ್ಕೂ ಆಗುತ್ತಿತ್ತು.

ಇದು ಹಳೆ ಮನೆಯ ಹಂಬಲ ಅಂತ ನಗಬೇಡಿ. ವಾಸ್ತುಶಿಲ್ಪಿ ಬಿ.ವಿ. ದೋಶಿ ಬೆಂಗಳೂರಿನ ಐಐಎಂ ಕಟ್ಟಿದಾಗ ಇದನ್ನೇ ಮಾಡಿದರು. ಅಲ್ಲಿ ತರಗತಿಯಷ್ಟೇ ಹೆಸರಾದದ್ದು ಕಲ್ಲಿನ ಉದ್ದುದ್ದ ಓಣಿಗಳು, ಎತ್ತರದ ಪಡಸಾಲೆಗಳು. ನಿಂತು ಮಾತಾಡಲು, ಕೂತು ಓದಲು ದಾರಿಯುದ್ದಕ್ಕೂ ಜಾಗ. ದೋಶಿಯವರಿಗೆ 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ ಜನ ನೆನೆದದ್ದು ಇಂಥ ಕಟ್ಟಡಗಳನ್ನೇ. ಅದು ದುಡ್ಡಿರುವವರ ಕಾಲೇಜು ಅನ್ನುವಿರಾ? ಹಾಗಾದರೆ ತಿರುವನಂತಪುರಕ್ಕೆ ಹೋಗಿ. ಅಲ್ಲಿನ ಅಭಿವೃದ್ಧಿ ಅಧ್ಯಯನ ಕೇಂದ್ರದ ಕ್ಯಾಂಪಸ್ಸನ್ನು ವಾಸ್ತುಶಿಲ್ಪಿ ಲಾರಿ ಬೇಕರ್ ಕಟ್ಟಿದ್ದು ಇಟ್ಟಿಗೆಯಲ್ಲಿ, ಕೈಬಿಗಿ ಹಿಡಿದು. ಕಿಟಕಿ ಬದಲು ಇಟ್ಟಿಗೆಯ ಜಾಲರಿ ಗೋಡೆ. ಗಾಳಿ ಬೆಳಕು ಒಳಗೆ ಬರುತ್ತದೆ, ಮಳೆಯ ಜೋರು ಹೊರಗೇ ಉಳಿಯುತ್ತದೆ. ಇಟ್ಟಿಗೆ ನಿಲ್ಲಿಸಿಟ್ಟು ನಡುವೆ ಟೊಳ್ಳು ಬಿಡುವ, ಅವರು ರೂಢಿಗೆ ತಂದ ರ‍್ಯಾಟ್ ಟ್ರ್ಯಾಪ್ ಕಟ್ಟುವಿಕೆಯಲ್ಲಿ ಇಟ್ಟಿಗೆ ಸುಮಾರು ಕಾಲುಭಾಗ ಉಳಿಯುತ್ತದೆ. ಕೇರಳದ ಮಳೆಗಾಲವನ್ನು ಯಾರೂ ಸಣ್ಣದು ಅನ್ನಲಾರರು, ಅಲ್ವಾ?

ಜಾಗದ ಲೆಕ್ಕವನ್ನೂ ಕೊಡುತ್ತೇನೆ. ಎಂಜಿನಿಯರಿಂಗ್ ಕಾಲೇಜುಗಳಿಗೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಹೇಳುವ ತರಗತಿಯ ಅಳತೆ 66 ಚದರ ಮೀಟರ್. ಅದನ್ನೇ ಹಿಡಿದರೆ ಎರಡು ತರಗತಿಗೆ 132. ಅದರಲ್ಲಿ 4 ಮೀಟರ್ ಅಗಲ, 33 ಮೀಟರ್ ಉದ್ದದ ಜಗಲಿ ಬರುತ್ತದೆ. ಒಬ್ಬರಿಗೆ ಎರಡು ಚದರ ಮೀಟರ್ ಬಿಟ್ಟರೂ 66 ಮಂದಿ ಆರಾಮಾಗಿ ಕೂರಬಹುದು. ಗೋಡೆಗೆ ಒಂದು ಉದ್ದನೆಯ ಹಲಗೆ ಮೇಜು, ಮೇಲೆ ಸಾಲಾಗಿ ಪ್ಲಗ್ಗು, ತುದಿಯಲ್ಲಿ ಒದ್ದೆ ಕೊಡೆ ನೇತುಹಾಕಲು ಒಂದು ಕಂಬಿ. ಈ ಕಂಬಿಯನ್ನು ದಯವಿಟ್ಟು ಮರೆಯಬೇಡಿ. ಜುಲೈನಲ್ಲಿ ನನ್ನ ತರಗತಿಯೊಳಗೆ ಅರವತ್ತು ಕೊಡೆ ನೀರು ಸುರಿಸುತ್ತಿರುತ್ತವೆ.

ತರಗತಿ ಕಡಿಮೆಯಾದರೆ ಮುಂದೆ ಹೊಸ ಕೋರ್ಸಿಗೆ ಏನು ಮಾಡ್ತೀರಿ ಅಂತ ಕೇಳುತ್ತಾರೆ. ಕೋರ್ಸಿನ ಮಾತು ಯಾರು ಬಲ್ಲರು? 2021ರಲ್ಲಿ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿ ಜಾರಿಗೆ ಬಂತು, ನಾಲ್ಕು ವರ್ಷದ ಪದವಿ ಅಂದರು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷಕ್ಕೆ ಬಂತು. ಕಟ್ಟಡ ಐವತ್ತು ವರ್ಷ ನಿಲ್ಲಬೇಕು. ನೀತಿ ಮೂರು ವರ್ಷ ನಿಲ್ಲಲಿಲ್ಲ.

ವಿರೋಧ: ಅಜ್ಜಿ ಮನೆಯ ಜಗಲಿಗೆ ತಟ್ಟಿ ಕಟ್ಟುವವರಿದ್ದರು

ಮೇಡಂ ಬರೆದದ್ದನ್ನು ಎರಡು ಸಲ ಓದಿದೆ. ಮೆಟ್ಟಿಲ ಮೇಲೆ ಕೂತ ಹುಡುಗಿಯರನ್ನು ನಾನೂ ನೋಡಿದ್ದೇನೆ. ಕೊಡೆಯ ಕಂಬಿಗೆ ನನ್ನ ಪೂರ್ತಿ ಒಪ್ಪಿಗೆ. ಆದರೆ ಜಗಲಿ ಬೇಡ ಅನ್ನುತ್ತೇನೆ. ನಾನೂ ಜಗಲಿಯಲ್ಲೇ ಆಡಿ ಬೆಳೆದವನು. ಅದಕ್ಕೇ ಹೇಳುತ್ತಿದ್ದೇನೆ.

ಅಜ್ಜಿ ಮನೆಯ ಜಗಲಿ ಮಳೆಗಾಲದಲ್ಲಿ ಒಣಗಿರುತ್ತಿತ್ತು, ನಿಜ. ಯಾಕೆ ಅಂತ ನೆನಪಿದೆಯಾ? ಮೇ ಕೊನೆಗೆ ಅಡಿಕೆ ಸೋಗೆಯ ತಟ್ಟಿ ಹೆಣೆದು ಸುತ್ತ ಕಟ್ಟುತ್ತಿದ್ದರು. ಬೇಸಿಗೆಯಲ್ಲಿ ಹಂಚು ಕೈಯಾಡಿಸುತ್ತಿದ್ದರು. ದಿನಾ ಯಾರೋ ಗುಡಿಸಿ ಒರೆಸುತ್ತಿದ್ದರು. ಆ ಯಾರೋ ಅಂದರೆ ಹೆಚ್ಚಾಗಿ ಮನೆಯ ಹೆಂಗಸರು ಅಥವಾ ಕೆಲಸದವರು. ಕಾಲೇಜಿನಲ್ಲಿ ಆ ಕೆಲಸಕ್ಕೆ ಇರುವುದು ಹೊರಗುತ್ತಿಗೆಯ ಒಬ್ಬರೋ ಇಬ್ಬರೋ. ಅವರೇ ಬೆಲ್ಲು ಹೊಡೆಯಬೇಕು, ಬ್ಯಾಂಕಿಗೆ ಓಡಬೇಕು, ಪರೀಕ್ಷೆ ದಿನ ಬೆಂಚು ಜೋಡಿಸಬೇಕು.

ಇನ್ನು ಸೂರಂಚಿನ ಎತ್ತರ. ಹಳೆ ಮನೆಯ ಸೂರು ತಲೆ ಬಗ್ಗಿಸಿ ಒಳಗೆ ಹೋಗುವಷ್ಟು ತಗ್ಗು. ಎರಚಲು ಬರದಿರಲು ಅದೇ ಗುಟ್ಟು. ನೂರಾರು ಮಕ್ಕಳು ಓಡಾಡುವ ಕಟ್ಟಡಕ್ಕೆ ಹಾಗೆ ಮಾಡಲಾಗದು. ಸೂರಂಚು ಎಂಟಡಿಗಾದರೂ ಇರಬೇಕು. ಗಾಳಿಗೆ ಮಳೆ ನಲವತ್ತೈದು ಡಿಗ್ರಿ ಓರೆ ಹೊಡೆದರೆ ಸೂರಂಚಿನಿಂದ ಎಂಟಡಿ ಒಳಗಿನವರೆಗೂ ನೀರು. ಮಾಡು ಮೂರಡಿ ಮುಂದೆ ಚಾಚಿದರೂ ಜಗಲಿಯ ಐದಡಿ ಒದ್ದೆ. ಮೇಡಂ ಹೇಳಿದ 4 ಮೀಟರ್ ಅಂದರೆ ಹದಿಮೂರಡಿ. ಕೂರಲು ಉಳಿಯುವುದು ಎಂಟಡಿ. ಆ ಎಂಟಡಿಯಲ್ಲೇ ನಡೆದಾಡುವ ದಾರಿ, ಹಲಗೆ ಮೇಜು, ಪ್ಲಗ್ಗಿನ ಸಾಲು. ಒದ್ದೆ ಕಾಲಿನ ಮಕ್ಕಳು, ತೆರೆದ ಗೋಡೆಯ ಪ್ಲಗ್ಗು. ನಾನಾದರೆ ಆ ನಕ್ಷೆಗೆ ಸಹಿ ಹಾಕುವುದಿಲ್ಲ.

ಐಐಎಂ ಓಣಿಗಳು ಚೆಂದ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 1,000 ಮಿಲಿಮೀಟರ್. ಆಗುಂಬೆಯಲ್ಲಿ ಸರಾಸರಿ 7,000 ದಾಟುತ್ತದೆ. ಶಿವಮೊಗ್ಗ ಪೇಟೆಯಲ್ಲಾದರೆ ಜಗಲಿಯ ಮಾತು ಯೋಚಿಸಬಹುದಿತ್ತು. ತೀರ್ಥಹಳ್ಳಿ ದಾರಿಯಲ್ಲಿ ಮಂಡಗದ್ದೆ ದಾಟಿದ ಮೇಲೆ ಮಳೆಯ ಲೆಕ್ಕವೇ ಬೇರೆ. ಬೇಕರ್ ಅವರ ಜಾಲರಿ ಗೋಡೆಯನ್ನು ನಾನೂ ಮೆಚ್ಚುತ್ತೇನೆ. ಆದರೆ ಆ ತೂತುಗಳಲ್ಲಿ ಜೂನ್‌ಗೆ ಪಾಚಿ ಕಟ್ಟುತ್ತದೆ, ಉಜ್ಜುವವರು ಬೇಕು. ನಮ್ಮ ಜನ ಇದಕ್ಕೆ ಉತ್ತರವನ್ನು ಆಗಲೇ ಕಂಡುಕೊಂಡಿದ್ದಾರೆ. ಯಾವ ಊರಿಗೆ ಬೇಕಾದರೂ ಹೋಗಿ, ಆರ್‌ಸಿಸಿ ಮನೆಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದೆಸಿರುತ್ತಾರೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ಹಂಚನ್ನು ಪ್ರೀತಿಸಿದ ಜನವೇ ಈಗ ಶೀಟಿಗೆ ಬಂದಿದ್ದಾರೆ. ಕಾರಣ ಮಂಗ. ಒಂದು ಹಿಂಡು ಒಂದು ಸಲ ಮಾಡಿನ ಮೇಲೆ ಓಡಿದರೆ ಸಾಕು. ಹಂಚು ಜೋಡಿಸುವವರನ್ನು ಹುಡುಕುವಷ್ಟರಲ್ಲಿ ರೀಪು ಕೊಳೆತಿರುತ್ತದೆ. ಶೀಟಿಗೂ ತೊಂದರೆ ಇದೆ ಅನ್ನಿ. ಜೋರು ಮಳೆಗೆ ಅದರ ಕೆಳಗೆ ಪಾಠ ಕೇಳಿಸುವುದಿಲ್ಲ. ಅದಕ್ಕೇ ಕೆಳಗೊಂದು ತಾರಸಿ ಬೇಕು.

ಈಗ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಕಾಲೇಜಿನ ಹೆಸರು ಬೇಡ. ಎಂಟು ಕೊಠಡಿಯ ಕಟ್ಟಡ, ಮುಂದೆ ಒಳ್ಳೆ ಅಗಲದ ಪಡಸಾಲೆ. ನಾನೇ ನಿಂತು ಕಟ್ಟಿಸಿದ್ದು. ಮಕ್ಕಳು ಒಂದು ವರ್ಷ ಕೂತರು. ಎರಡನೇ ವರ್ಷ ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ತಂಡ ಬರುತ್ತದೆ ಅಂತ ಒಂದು ಮೂಲೆಗೆ ಅಲ್ಯುಮಿನಿಯಂ ಪಾರ್ಟಿಷನ್ ಬಂತು, ಒಳಗೆ ಗುಣಮಟ್ಟ ಕೋಶ. ಆಮೇಲೆ ಉತ್ತರ ಪತ್ರಿಕೆ ಇಡಲು ಇನ್ನೊಂದು ಮೂಲೆ. ನಡುವೆ ಉಳಿದದ್ದರಲ್ಲಿ ಮುರಿದ ಬೆಂಚು, ಹಳೆ ಕಂಪ್ಯೂಟರ್ ರಾಶಿ. ಕೊನೆಗೆ ಗೇಟು ಹಾಕಿ ಬೀಗ ಜಡಿದರು. ಹುಡುಗ ಹುಡುಗಿಯರು ಒಟ್ಟಿಗೆ ಕೂರುತ್ತಾರೆ ಅಂತ ಯಾರೋ ದೂರು ಹೇಳಿದ್ದರಂತೆ. ಹೆಸರಿಲ್ಲದ ಜಾಗ ಎಲ್ಲದಕ್ಕೂ ಆಗುತ್ತದೆ ಅಂದರಲ್ಲ ಮೇಡಂ, ಸರ್ಕಾರಿ ಕಟ್ಟಡದಲ್ಲಿ ಹೆಸರಿಲ್ಲದ ಜಾಗ ಮೊದಲು ಆಗುವುದು ಗೋಡೌನು. ಬಾಗಿಲ ಮೇಲೆ ‘ಪ್ರಥಮ ಬಿ.ಕಾಂ.’ ಅಂತ ಬರೆದ ಕೊಠಡಿಯನ್ನು ಯಾರೂ ಹಾಗೆ ಕಸಿದುಕೊಳ್ಳಲಾರರು.

ಎರಡು ತರಗತಿಯಲ್ಲಿ 120 ಮಕ್ಕಳು ಕೂರುತ್ತಾರೆ, ನಿಮ್ಮ ಜಗಲಿಯಲ್ಲಿ 66. ಕಾಮರ್ಸಿನ ಎರಡು ಸೆಕ್ಷನ್ನನ್ನು ಒಂದೇ ಸಭಾಂಗಣದಲ್ಲಿ ತುಂಬಿ, ಹಿಂದಿನ ಸಾಲಿಗೆ ಬೋರ್ಡು ಕಾಣದೆ ಪಾಠ ನಡೆಯುವುದನ್ನು ನೋಡಿದವರಿಗೆ ಈ ಅಂತರ ಸಣ್ಣದಲ್ಲ. ಜೊತೆಗೆ ಎರಡು ಕೊಠಡಿಯ ದುಡ್ಡು ಉಳಿದಿದೆ ಅಂದರೆ ನನ್ನ ಕೈ ಮೊದಲು ಹೋಗುವುದು ಹುಡುಗಿಯರ ಶೌಚಾಲಯಕ್ಕೆ. ನೀರು ಬರುವ, ಚಿಲಕ ಬೀಳುವ, ಬಾಗಿಲಿಗೆ ಕೊಕ್ಕೆ ಇರುವ ಶೌಚಾಲಯ. ಅದಿಲ್ಲದ ಕಡೆ ಮಕ್ಕಳು ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲ. ಆಮೇಲೆ ಲಿಫ್ಟು ಅಥವಾ ಇಳಿಜಾರು. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಗುಡ್ಡ ಕಡಿದು ಮಾಡಿದ ನಮ್ಮ ಜಾಗಗಳಲ್ಲಿ ಕಟ್ಟಡ ಅಂದರೆ ಮೆಟ್ಟಿಲ ಮೇಲೆ ಮೆಟ್ಟಿಲು. ಗಾಲಿಕುರ್ಚಿಯ ಹುಡುಗನಿಗೆ ಜಗಲಿಗೆ ಬರುವುದೇ ಕಷ್ಟ.

ಹಾಗಾದರೆ ಎಂಟೂ ಕಾಲಿಗೆ ಬಂದವರ ಗತಿ? ಅದು ಸರಿಯಾದ ಪ್ರಶ್ನೆ, ತಪ್ಪಿಸಿಕೊಳ್ಳುವುದಿಲ್ಲ. ಹತ್ತು ಗಂಟೆಯವರೆಗೆ ಎಂಟು ಕೊಠಡಿಯೂ ಖಾಲಿ. ಒಂದೂವರೆ ಆದ ಮೇಲೆ ಮತ್ತೆ ಖಾಲಿ. ಗೋಡೆ ಇದೆ, ಕಿಟಕಿ ಇದೆ, ಫ್ಯಾನು ಇದೆ, ಬೆಂಚು ಒಣಗಿದೆ. ಮೇಡಂ ಲೆಕ್ಕದ ನಾಲ್ಕೂ ಕಾಲು ಗಂಟೆಯೂ ಬೀಗದ ಹಿಂದೆ ಹಾಗೇ ಇದೆ. ಎರಡು ತರಗತಿಯ ಗೋಡೆಗೆ ಈಗಲೇ ಪ್ಲಗ್ಗಿನ ಸಾಲು ಹಾಕಿಸೋಣ. ವೈರು, ಸಾಕೆಟ್ಟು, ಎಲೆಕ್ಟ್ರಿಷಿಯನ್ ಕೂಲಿ, ಮೂರೂ ಸೇರಿ ಒಂದು ಕಂಬದ ಖರ್ಚಾಗುವುದಿಲ್ಲ. ಕೊಡೆಯ ಕಂಬಿಯನ್ನು ನಾನೇ ವೆಲ್ಡಿಂಗ್ ಮಾಡಿಸಿ ಕೊಡುತ್ತೇನೆ.

ಕೀಲಿಗೊಂಚಲು ಆಫೀಸಿನ ಮೊಳೆಯಲ್ಲಿ ನೇತಾಡುತ್ತಿದೆ. ಆಫೀಸು ತೆರೆಯುವುದು ಒಂಬತ್ತೂ ಮುಕ್ಕಾಲಿಗೆ. ಎಂಟೂ ಕಾಲಿಗೆ ಆ ಗೊಂಚಲು ಯಾರ ಕೈಯಲ್ಲಿರಬೇಕು, ಅವರಿಗೆ ಸಂಬಳ ಯಾವ ಲೆಕ್ಕದಿಂದ, ಇದನ್ನು ಮುಂದಿನ ಸಮಿತಿ ಸಭೆಯಲ್ಲಿ ಮೊದಲ ವಿಷಯವಾಗಿ ತಗೊಳ್ಳೋಣ. ಜಗಲಿಯ ನಕ್ಷೆಯನ್ನು ಆಮೇಲೆ ಬಿಚ್ಚಿ ನೋಡೋಣ.