ಬ್ರೆಕ್ಸಿಟ್: ಬೆಲೆ ಹೇಳದೆ ಕೇಳಿದ ಮತ

2016ರ ಜೂನ್ 23ರಂದು ಬ್ರಿಟನ್ನಿನ ಮತದಾರರ ಕೈಗೆ ಬಂದ ಚೀಟಿಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕೇ, ಹೊರಬರಬೇಕೇ? ಶೇ 51.9ರಷ್ಟು ಜನ ಹೊರಬರೋಣ ಎಂದರು, ಶೇ 48.1ರಷ್ಟು ಜನ ಉಳಿಯೋಣ ಎಂದರು. ಹೊರಬಂದು ಎಲ್ಲಿ ನಿಲ್ಲುವುದು ಎಂಬುದನ್ನು ಮಾತ್ರ ಯಾರೂ ಕೇಳಲಿಲ್ಲ. ನಾರ್ವೆಯಂತೆ ಒಕ್ಕೂಟದ ಸದಸ್ಯನಾಗದೆಯೂ ಅದರ ಮಾರುಕಟ್ಟೆಯೊಳಗೆ ಇರುವುದೇ? ಸ್ವಿಟ್ಜರ್ಲೆಂಡಿನಂತೆ ವಿಷಯಕ್ಕೊಂದು ಒಪ್ಪಂದ ಮಾಡಿಕೊಳ್ಳುವುದೇ? ಅಥವಾ ಎಲ್ಲ ನಂಟನ್ನೂ ಕಡಿದುಕೊಳ್ಳುವುದೇ? ಮುಂದಿನ ಮೂರೂವರೆ ವರ್ಷ ಸಂಸತ್ತು ಬಡಿದಾಡಿದ್ದು ಇದೇ ಪ್ರಶ್ನೆಗೆ. 2019ರ ಜನವರಿಯಲ್ಲಿ ಪ್ರಧಾನಿ ಥೆರೆಸಾ ಮೇ ತಂದ ಒಪ್ಪಂದ 230 ಮತಗಳ ಅಂತರದಿಂದ ಬಿದ್ದುಹೋಯಿತು. ಅದನ್ನು ಬೀಳಿಸಿದವರಲ್ಲಿ ಹೊರಬರಲೇಬೇಕು ಎಂದು ಊರೂರು ತಿರುಗಿ ಪ್ರಚಾರ ಮಾಡಿದವರೂ ಇದ್ದರು. ಅವರು ಬಯಸಿದ್ದ ದಾರಿ ಅದಾಗಿರಲಿಲ್ಲ.

ನಾನು ಉಳಿಯೋಣ ಎಂದು ಮತ ಹಾಕಿದವನು. ಊರು ಕಾರವಾರ, ಈಗಿನ ವಾಸ ಇಂಗ್ಲೆಂಡಿನ ಸ್ವಿಂಡನ್. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಮತ ಹಾಕಿದೆ, ಏಕೆಂದರೆ ಇಲ್ಲಿ ವಾಸಿಸುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಸಂಸತ್ ಚುನಾವಣೆಯಲ್ಲೂ ಈ ಜನಮತ ಗಣನೆಯಲ್ಲೂ ಮತದ ಹಕ್ಕಿತ್ತು. ನನ್ನ ಪಕ್ಕದ ಬೀದಿಯಲ್ಲಿರುವ ಗೆಳೆಯನಿಗೆ ಆ ಹಕ್ಕು ಇರಲಿಲ್ಲ. ಆತ ಗೋವೆಯ ಕಾಣಕೋಣದವನು. ಕಾರವಾರದಲ್ಲಿ ಕಾಳಿ ನದಿಯ ಸೇತುವೆ ದಾಟಿ, ಮಾಜಾಳಿಯ ಗಡಿ ದಾಟಿದರೆ ಅವನ ತಾಲ್ಲೂಕು. ನಾವಿಬ್ಬರೂ ಮಾತಾಡುವುದು ಕೊಂಕಣಿಯಲ್ಲಿ. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯಾಗುವ ಮುಂಚೆ ಅಲ್ಲಿ ಹುಟ್ಟಿದವರಿಗೂ ಅವರ ಮಕ್ಕಳಿಗೂ ಪೋರ್ಚುಗಲ್ ತನ್ನ ಪೌರತ್ವ ಕೊಡುತ್ತದೆ. ತಂದೆಯ ಜನನ ದಾಖಲೆ ಹಿಡಿದು ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿಕೊಂಡ ಆತ, ಪೋರ್ಚುಗಲ್ ಒಕ್ಕೂಟದ ಸದಸ್ಯ ದೇಶವಾದ್ದರಿಂದ, ವೀಸಾದ ಗೊಡವೆಯೇ ಇಲ್ಲದೆ ಸ್ವಿಂಡನ್ನಿಗೆ ಬಂದು ಗೋದಾಮಿನಲ್ಲಿ ಕೆಲಸಕ್ಕೆ ಸೇರಿದ್ದ. ಹೀಗೆ ಬಂದ ಗೋವೆಯವರು ಈ ಊರಿನಲ್ಲಿ ಸಾವಿರಾರು ಮಂದಿ ಇದ್ದಾರೆ. ನಾನು ವೀಸಾ, ಶುಲ್ಕ, ಮತ್ತೆ ವೀಸಾ, ಮತ್ತೆ ಶುಲ್ಕ ಎಂದು ವರ್ಷಗಟ್ಟಲೆ ಕಾದು ನೆಲೆ ನಿಂತವನು.

ಅಂದರೆ ಒಕ್ಕೂಟದಿಂದ ಅತಿ ಹೆಚ್ಚು ಪ್ರಯೋಜನ ಪಡೆದಿದ್ದ, ಅದು ಮುರಿದರೆ ಅತಿ ಹೆಚ್ಚು ಕಳೆದುಕೊಳ್ಳಲಿದ್ದ ಮನುಷ್ಯನಿಗೆ ಆ ಬಗ್ಗೆ ಮಾತೇ ಇರಲಿಲ್ಲ. ಏನೂ ಕಳೆದುಕೊಳ್ಳದ ನನಗೆ ಮತವಿತ್ತು. ಆತ ನನಗೆ ಕೇಳಿದ್ದು ಒಂದೇ ಮಾತು: ನಮ್ಮ ಹೆಸರಿನಲ್ಲೂ ಸ್ವಲ್ಪ ಯೋಚಿಸಿ ಹಾಕು. ನಾನು ಯೋಚಿಸಿಯೇ ಹಾಕಿದೆ. ಸ್ವಿಂಡನ್ ಮಾತ್ರ ಶೇ 54.7ರಷ್ಟು ಮತಗಳೊಂದಿಗೆ ಹೊರಬರೋಣ ಎಂದಿತು.

ಹೊರಬರೋಣ ಎಂದವರನ್ನೆಲ್ಲ ಮೂಢರೆಂದೋ ಜನಾಂಗದ್ವೇಷಿಗಳೆಂದೋ ಕರೆಯುವವರ ಜೊತೆ ನಾನಿಲ್ಲ. ಅವರ ವಾದದಲ್ಲಿ ಹುರುಳಿತ್ತು. ಇಲ್ಲಿನ ಭಾರತೀಯರಿಗೆ ಅದು 2014ರಲ್ಲೇ ತರಕಾರಿ ಅಂಗಡಿಯಲ್ಲಿ ಗೊತ್ತಾಗಿತ್ತು. ಭಾರತದಿಂದ ಬಂದ ಸರಕಿನಲ್ಲಿ ಹಣ್ಣುನೊಣ ಮೊದಲಾದ ಕೀಟಗಳು ಸಿಕ್ಕವೆಂದು ಆ ವರ್ಷ ಮೇ 1ರಿಂದ ಯುರೋಪಿಯನ್ ಒಕ್ಕೂಟ ಆಪೂಸ್ ಸೇರಿ ಎಲ್ಲ ಮಾವು, ಬದನೆ, ಹಾಗಲ, ಪಡವಲ, ಕೆಸು ಇವುಗಳ ಆಮದನ್ನು ನಿಲ್ಲಿಸಿತು. ಬ್ರಿಟನ್ನಿನ ಚಳಿಯಲ್ಲಿ ಆ ನೊಣದಿಂದ ಹಾಳಾಗಲು ಮಾವಿನ ತೋಪುಗಳೇನೂ ಇಲ್ಲ. ಅಪಾಯವಿದ್ದದ್ದು ಮುಖ್ಯವಾಗಿ ದಕ್ಷಿಣ ಯುರೋಪಿನ ತೋಟಗಳಿಗೆ. ಆದರೂ ನಿಯಮ ಎಲ್ಲರಿಗೂ ಒಂದೇ. ಲೆಸ್ಟರಿನ ಹಣ್ಣಿನ ವ್ಯಾಪಾರಿಗಳು ತಮ್ಮ ಸಂಸದನ ಬಳಿ ಹೋದರು, ಸಂಸದ ಸರ್ಕಾರವನ್ನು ಕೇಳಿದರು, ಸರ್ಕಾರ ಒಕ್ಕೂಟದ ಆಡಳಿತ ಕೇಂದ್ರವಾದ ಬ್ರಸೆಲ್ಸ್ ಕಡೆ ನೋಡಿತು. ಮಾವಿನ ಮೇಲಿನ ನಿಷೇಧ ತೆರವಾದದ್ದು 2015ರ ಜನವರಿಯಲ್ಲಿ, ಒಂದು ಇಡೀ ಹಂಗಾಮು ಕಳೆದ ಮೇಲೆ. ನಾನು ಆರಿಸಿದ ಪ್ರತಿನಿಧಿಗೆ ನನ್ನ ಊಟದ ತಟ್ಟೆಯ ಮೇಲೂ ಅಧಿಕಾರವಿಲ್ಲವೇ ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಭಾರತೀಯ ಮೂಲದ ಮತದಾರರಲ್ಲಿ ಅನೇಕರಿಗೆ ಇನ್ನೊಂದು ಕೊರಗೂ ಇತ್ತು: ಯುರೋಪಿನ ಯಾವ ಮೂಲೆಯವನಾದರೂ ತಡೆಯಿಲ್ಲದೆ ಬರಬಹುದು, ನಮ್ಮ ಅಡುಗೆಯವನಿಗೆ, ನಮ್ಮ ತಾಯಿ ತಂದೆಗೆ ಮಾತ್ರ ವೀಸಾ ಇಲ್ಲ. ಅಂದಿನ ಒಂದು ದೊಡ್ಡ ಸಮೀಕ್ಷೆಯ ಪ್ರಕಾರ ಏಷ್ಯಾ ಮೂಲದ ಮತದಾರರಲ್ಲಿ ಮೂರನೇ ಒಂದು ಪಾಲು ಹೊರಬರುವುದಕ್ಕೆ ಮತ ಹಾಕಿತು.

ಹೊರಬಂದ ಮೇಲೆ ಸಿಕ್ಕ ಲಾಭಗಳೂ ಸುಳ್ಳಲ್ಲ. ವಾಣಿಜ್ಯ ಒಪ್ಪಂದ ಮಾಡಿಕೊಳ್ಳುವ ಅಧಿಕಾರ ಲಂಡನ್ನಿಗೆ ಮರಳಿತು. 2025ರ ಜುಲೈ 24ರಂದು ಭಾರತದ ಜೊತೆ ಸಹಿಯಾದ ಒಪ್ಪಂದ ಅದರ ಫಲವೇ. ಬೆಂಗಳೂರಿನಿಂದ ಇಲ್ಲಿಗೆ ಎರಡು ಮೂರು ವರ್ಷಕ್ಕೆಂದು ಬರುವ ಐಟಿ ನೌಕರರು ಎರಡೂ ದೇಶಗಳಲ್ಲಿ ಸಾಮಾಜಿಕ ಭದ್ರತೆಯ ವಂತಿಗೆ ಕಟ್ಟುವ ಹೊರೆ ಇದರ ಜೊತೆಗಿನ ಒಡಂಬಡಿಕೆಯಿಂದ ತಪ್ಪಲಿದೆ. ಅದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಅದೇ ವರ್ಷ ಅಮೆರಿಕ ಸುಂಕದ ಸಮರ ಹೂಡಿದಾಗ ಯುರೋಪಿನ ಸರಕಿಗೆ ಶೇ 15, ಬ್ರಿಟನ್ನಿನ ಬಹುಪಾಲು ಸರಕಿಗೆ ಶೇ 10 ಎಂದಾದದ್ದೂ ಒಂಟಿಯಾಗಿದ್ದರಿಂದ ದಕ್ಕಿದ ಅನುಕೂಲ. ಕೃಷಿ ಸಹಾಯಧನವನ್ನು ಜಮೀನಿನ ಅಳತೆಗೆ ತಕ್ಕಂತೆ ಹಂಚುವ ಯುರೋಪಿನ ಪದ್ಧತಿಯನ್ನು ಕೈಬಿಟ್ಟು, ಮಣ್ಣು ನೀರು ಕಾಪಾಡುವ ರೈತರಿಗೆ ಕೊಡುವ ದಾರಿಯನ್ನು ಇಂಗ್ಲೆಂಡ್ ಹಿಡಿದದ್ದೂ ಒಳ್ಳೆಯದೇ.

ಆದರೆ ತೂಕ ನೋಡಬೇಕು. ಭಾರತದ ಜೊತೆಗಿನ ಒಪ್ಪಂದದಿಂದ ದೀರ್ಘಾವಧಿಯಲ್ಲಿ ವರ್ಷಕ್ಕೆ 480 ಕೋಟಿ ಪೌಂಡ್ ಆದಾಯ ಹೆಚ್ಚುತ್ತದೆ ಎಂಬುದು ಬ್ರಿಟಿಷ್ ಸರ್ಕಾರದ್ದೇ ಅಂದಾಜು. ಅದು ದೇಶದ ಒಟ್ಟು ಉತ್ಪನ್ನದ ಶೇ 0.1ರ ಆಸುಪಾಸು. ಒಕ್ಕೂಟ ಬಿಟ್ಟದ್ದರಿಂದ ದೇಶದ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ 4ರಷ್ಟು ಕಡಿಮೆಯಾಗುತ್ತದೆ ಎಂಬುದು ಅದೇ ಸರ್ಕಾರ ತನ್ನ ಬಜೆಟ್ಟಿಗೆ ಆಧಾರವಾಗಿಟ್ಟುಕೊಳ್ಳುವ ಸ್ವತಂತ್ರ ಹಣಕಾಸು ಸಂಸ್ಥೆಯ ಅಂದಾಜು. ಎರಡೂ ಅಂದಾಜುಗಳೇ, ಬೇರೆಬೇರೆ ವಿಧಾನದಲ್ಲಿ ಕಟ್ಟಿದವು. ಆದರೂ ಒಂದರ ಪಕ್ಕ ಇನ್ನೊಂದನ್ನು ಇಟ್ಟಾಗ ಯಾವುದು ಭಾರ ಎಂಬ ಬಗ್ಗೆ ಗೊಂದಲವಿಲ್ಲ.

ಈ ಭಾರ ಬಿದ್ದದ್ದು ಯಾರ ಮೇಲೆ? ದೊಡ್ಡ ಕಂಪನಿಗಳು ಕಾಗದಪತ್ರಕ್ಕೆಂದೇ ಒಂದು ವಿಭಾಗ ತೆರೆದು ಸುಧಾರಿಸಿಕೊಂಡವು. ಇಲ್ಲಿಂದ ಅರ್ಧ ಗಂಟೆಯ ದೂರದಲ್ಲಿ ಚೀಸ್ ಮಾಡುವ ಒಂದು ಕುಟುಂಬ ನನಗೆ ಪರಿಚಿತ. 2020ರವರೆಗೆ ಜರ್ಮನಿಯ ಗ್ರಾಹಕನಿಗೆ ಒಂದು ಡಬ್ಬಿ ಚೀಸ್ ಕಳಿಸುವುದೂ ಬರ್ಮಿಂಗ್‌ಹ್ಯಾಮಿಗೆ ಕಳಿಸುವುದೂ ಅವರಿಗೆ ಒಂದೇ ಆಗಿತ್ತು. ಈಗ ಪ್ರಾಣಿಜನ್ಯ ಆಹಾರದ ಪ್ರತಿ ರವಾನೆಗೂ ಅಧಿಕೃತ ಪಶುವೈದ್ಯರು ಸಹಿ ಹಾಕಿದ ಆರೋಗ್ಯ ಪ್ರಮಾಣಪತ್ರ ಬೇಕು. ಲಾರಿ ತುಂಬ ಸರಕಿದ್ದರೂ ಅಷ್ಟೇ, ಒಂದು ಡಬ್ಬಿಯಿದ್ದರೂ ಅಷ್ಟೇ. ಸರಕಿನ ಬೆಲೆಗಿಂತ ಪತ್ರದ ಬೆಲೆ ಹೆಚ್ಚಾದಾಗ ಅವರು ಯುರೋಪಿನ ವ್ಯಾಪಾರವನ್ನೇ ನಿಲ್ಲಿಸಿದರು. ಮನೆಯವರು ಮೇಜಿನ ಮೇಲೆ ಬಿಡಿಸಿಟ್ಟು ನನಗೆ ತೋರಿಸಿದ ಆ ನಮೂನೆಯಲ್ಲಿ ಹಾಲು ಯಾವ ಪ್ರಾಣಿಯದು, ಯಾವ ಉಷ್ಣತೆಯಲ್ಲಿ ಕಾಯಿಸಿದ್ದು, ಹಿಂಡಿಗೆ ಯಾವ ರೋಗವಿಲ್ಲ ಎಂದು ಸಾಲುಸಾಲಾಗಿ ಪ್ರಶ್ನೆಗಳಿದ್ದವು. ಅದೇ ಹಾಲು, ಅದೇ ಹಿಂಡು, ಅದೇ ಡಬ್ಬಿ. ಹಿಂದಿನ ವರ್ಷ ಇದನ್ನು ಯಾರೂ ಕೇಳಿರಲಿಲ್ಲ.

ನನ್ನ ಮಟ್ಟಿಗೆ ಈ ಇಡೀ ಚರ್ಚೆಯ ತಿರುಳು ಇಲ್ಲಿದೆ. ಒಕ್ಕೂಟಕ್ಕೆ ಕಟ್ಟುವ ಹಣ ಎಲ್ಲರ ಕಣ್ಣಿಗೆ ಬೀಳುತ್ತದೆ, ಒಕ್ಕೂಟ ಕೊಡುವ ಅನುಕೂಲ ಯಾರ ಕಣ್ಣಿಗೂ ಬೀಳುವುದಿಲ್ಲ. ವಾರಕ್ಕೆ 35 ಕೋಟಿ ಪೌಂಡ್ ಬ್ರಸೆಲ್ಸಿಗೆ ಹೋಗುತ್ತದೆ ಎಂದು ಹೊರಬರೋಣ ಎನ್ನುವವರು ಕೆಂಪು ಬಸ್ಸಿನ ಮೇಲೆ ಬರೆದು ಓಡಿಸಿದರು. ಪ್ರಧಾನಿ ಮಾರ್ಗರೆಟ್ ಥ್ಯಾಚರ್ 1984ರಲ್ಲಿ ಹಟ ಹಿಡಿದು ಪಡೆದ ರಿಯಾಯಿತಿಯನ್ನು ಕಳೆಯದೆ ಹೇಳಿದ ಮೊತ್ತವದು; ದೇಶದ ಅಂಕಿಅಂಶ ಪ್ರಾಧಿಕಾರವೇ ಅದನ್ನು ದಾರಿತಪ್ಪಿಸುವ ಲೆಕ್ಕವೆಂದು ಕರೆಯಿತು. ಆದರೂ ಅದು ಜನರ ಮನಸ್ಸಿನಲ್ಲಿ ನಿಂತಿತು. ತುಂಬಬೇಕಿಲ್ಲದ ನಮೂನೆಯನ್ನು, ಕಾಯಬೇಕಿಲ್ಲದ ಸಾಲನ್ನು ಯಾವ ಬಸ್ಸಿನ ಮೇಲೆ ಬರೆಯುವುದು? ಯುರೋಪಿನ ಅಭಿವೃದ್ಧಿ ನಿಧಿಯಿಂದ ಧಾರಾಳವಾಗಿ ಹಣ ಪಡೆಯುತ್ತಿದ್ದ ಕಾರ್ನ್‌ವಾಲ್ ಮತ್ತು ವೇಲ್ಸ್ ಕೂಡ ಹೊರಬರೋಣ ಎಂದದ್ದು ನನಗೆ ಅಚ್ಚರಿಯಲ್ಲ.

ಸ್ವಿಂಡನ್ನಿನ ಹೋಂಡಾ ಕಾರ್ಖಾನೆಯ ಕಥೆಯನ್ನು ಉಳಿಯೋಣ ಎಂದವರು ತಮ್ಮ ಪರವಾಗಿ ಬಹಳ ಸಲ ಹೇಳುತ್ತಾರೆ. 2019ರ ಫೆಬ್ರುವರಿಯಲ್ಲಿ ಮುಚ್ಚುವ ಘೋಷಣೆ, 2021ರ ಜುಲೈನಲ್ಲಿ ಬೀಗ, ಸುಮಾರು 3,500 ಕೆಲಸಗಳು ಹೋದವು. ನನ್ನ ಬೀದಿಯಲ್ಲೇ ಹಾಗೆ ಕೆಲಸ ಕಳೆದುಕೊಂಡವರಿದ್ದಾರೆ, ಆ ನೋವು ಕಂಡಿದ್ದೇನೆ. ಆದರೆ ಕಾರಣ ಬ್ರೆಕ್ಸಿಟ್ ಅಲ್ಲ, ವಿದ್ಯುತ್ ವಾಹನಗಳತ್ತ ಹೊರಳುತ್ತಿರುವ ಜಗತ್ತು ಎಂದು ಕಂಪನಿ ಹೇಳಿತು. ಅದೇ ತಿಂಗಳು ಜಪಾನ್ ಮತ್ತು ಯುರೋಪಿನ ನಡುವಿನ ವಾಣಿಜ್ಯ ಒಪ್ಪಂದ ಜಾರಿಗೆ ಬಂದು, ಜಪಾನಿನಿಂದ ಬರುವ ಕಾರುಗಳ ಮೇಲಿನ ಶೇ 10ರ ಸುಂಕ ಹಂತಹಂತವಾಗಿ ಇಳಿಯತೊಡಗಿತ್ತು. ಅಂದರೆ ಯುರೋಪಿನಲ್ಲಿ ಮಾರಲು ಯುರೋಪಿನಲ್ಲೇ ಕಾರು ತಯಾರಿಸುವ ಅಗತ್ಯ ಕಡಿಮೆಯಾಗುತ್ತಿತ್ತು. ಎಲ್ಲ ನಷ್ಟವನ್ನೂ ಒಂದೇ ತಲೆಗೆ ಕಟ್ಟಿದರೆ ನಮ್ಮ ವಾದ ಗಟ್ಟಿಯಾಗುವುದಿಲ್ಲ, ಸಡಿಲವಾಗುತ್ತದೆ.

ವಲಸೆಯ ವಿಷಯದಲ್ಲಿ ಆದದ್ದು ಇನ್ನೂ ಕಹಿ. ಗಡಿ ನಮ್ಮ ಕೈಗೆ ಬಂದರೆ ಬರುವವರ ಸಂಖ್ಯೆ ಇಳಿಯುತ್ತದೆ ಎಂದು ನಂಬಿ ಮತ ಹಾಕಿದವರು ಲಕ್ಷಾಂತರ. ಯುರೋಪಿನಿಂದ ಬರುವವರು ಕಡಿಮೆಯಾದರು. ಆಸ್ಪತ್ರೆಗಳಿಗೆ, ವೃದ್ಧರ ಆರೈಕೆಗೆ ಜನ ಬೇಕೇ ಬೇಕಿತ್ತು, ವಿಶ್ವವಿದ್ಯಾಲಯಗಳಿಗೆ ಶುಲ್ಕ ಬೇಕಿತ್ತು. ಆ ಜಾಗಕ್ಕೆ ಭಾರತದಿಂದ, ನೈಜೀರಿಯಾದಿಂದ ಬಂದರು. 2023ರಲ್ಲಿ ನಿವ್ವಳ ವಲಸೆ, ಅಂದರೆ ಬಂದವರಲ್ಲಿ ಹೋದವರನ್ನು ಕಳೆದ ಸಂಖ್ಯೆ, ವರ್ಷಕ್ಕೆ 9 ಲಕ್ಷ ದಾಟಿತು. ಆಮೇಲೆ ಬಾಗಿಲು ಮುಚ್ಚುವ ಅವಸರ ಶುರುವಾಯಿತು: ವಿದ್ಯಾರ್ಥಿಗಳು ಕುಟುಂಬವನ್ನು ಕರೆತರುವಂತಿಲ್ಲ, ಸಂಬಳದ ಮಿತಿ ಏರಿತು, ಕಾಯಂ ನೆಲೆಗೆ ಐದು ವರ್ಷ ಸಾಲದು ಹತ್ತು ವರ್ಷವಾಗಲಿ ಎಂಬ ಪ್ರಸ್ತಾಪ ಬಂತು. ಹಾಸನದಿಂದ, ದಾವಣಗೆರೆಯಿಂದ ಸಾಲ ಮಾಡಿ ಓದಲು ಬಂದ ಹುಡುಗ ಹುಡುಗಿಯರು ಯಾರೋ ಕೊಟ್ಟ ಭರವಸೆ ಸುಳ್ಳಾದದ್ದರ ಸಿಟ್ಟನ್ನು ಈಗ ತಮ್ಮ ಮೈಮೇಲೆ ಹೊರುತ್ತಿದ್ದಾರೆ. ಇದು ಅನ್ಯಾಯ, ಮತ್ತು ಅದನ್ನು ಜೋರಾಗಿ ಹೇಳಬೇಕಾದವರು ನಾವು.

ಊರಿಗೆ ಹೋದಾಗ ಅನೇಕರು ಬ್ರೆಕ್ಸಿಟ್ಟನ್ನು ಅವಿಭಕ್ತ ಕುಟುಂಬ ಪಾಲಾಗುವುದಕ್ಕೆ ಹೋಲಿಸುತ್ತಾರೆ. ಪಾಲಾದಾಗ ಕೊನೆಗೆ ಒಂದು ತುಂಡು ಗದ್ದೆಯಾದರೂ ಕೈಗೆ ಬರುತ್ತದೆ. ಇಲ್ಲಿ ಕೂಡಿ ಬಳಸುತ್ತಿದ್ದ ಮಾರುಕಟ್ಟೆಯನ್ನು ತುಂಡು ಮಾಡಿ ಮನೆಗೆ ಒಯ್ಯಲು ಬರಲಿಲ್ಲ. ಅದಕ್ಕಿಂತ ಹತ್ತಿರದ ಹೋಲಿಕೆ ನಮ್ಮ ತೆರಿಗೆ ಪಾಲಿನ ಜಗಳದಲ್ಲೇ ಇದೆ. 14ನೇ ಹಣಕಾಸು ಆಯೋಗದಲ್ಲಿ ಕರ್ನಾಟಕಕ್ಕೆ ಶೇ 4.713ರಷ್ಟಿದ್ದ ಕೇಂದ್ರ ತೆರಿಗೆಯ ಪಾಲು 15ನೇ ಆಯೋಗದಲ್ಲಿ ಶೇ 3.647ಕ್ಕೆ ಇಳಿಯಿತು. 2024ರ ಫೆಬ್ರುವರಿಯಲ್ಲಿ ರಾಜ್ಯದ ಮುಖ್ಯಮಂತ್ರಿಯೇ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ಕೊಡುವುದು ಹೆಚ್ಚು, ಬರುವುದು ಕಡಿಮೆ ಎಂಬ ಆ ಮಾತನ್ನು ನಾನು ಇಂಗ್ಲೆಂಡಿನಲ್ಲಿ ವರ್ಷಗಟ್ಟಲೆ ಕೇಳಿದ್ದೇನೆ. ಕರ್ನಾಟಕದ ಆ ಸಿಟ್ಟು ನ್ಯಾಯವಾದದ್ದು ಎಂದೇ ನನ್ನ ನಂಬಿಕೆ. ವ್ಯತ್ಯಾಸ ದೊಡ್ಡದು, ಒಪ್ಪುತ್ತೇನೆ: ಭಾರತ ಒಂದು ದೇಶ, ಯುರೋಪಿಯನ್ ಒಕ್ಕೂಟ ದೇಶಗಳ ಒಪ್ಪಂದ, ಅದರ 50ನೇ ವಿಧಿಯಲ್ಲಿ ಹೊರಹೋಗುವ ಬಾಗಿಲು ಇದೆ. ನಮ್ಮಲ್ಲಿ ಅಂಥ ಬಾಗಿಲಿಲ್ಲದ ಕಾರಣ ವಾದವೆಲ್ಲ ಪಾಲು ಎಷ್ಟು, ಸೂತ್ರ ಯಾವುದು ಎಂಬುದರ ಮೇಲೆ ನಡೆಯುತ್ತದೆ. ಅದರ ಜೊತೆಗೆ 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾಗಿ ತಮಿಳುನಾಡು ಗಡಿಯ ಅತ್ತಿಬೆಲೆಯ ವಾಣಿಜ್ಯ ತೆರಿಗೆ ತಪಾಸಣಾ ಠಾಣೆಯ ಮುಂದಿನ ಲಾರಿ ಸಾಲು ಕರಗಿದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜಿಎಸ್‌ಟಿಯನ್ನು ಬೈಯುವ ವರ್ತಕರೂ ಆ ಸಾಲು ಮರಳಲಿ ಎನ್ನುವುದಿಲ್ಲ.

ಬ್ರಿಟನ್ ಒಳಗಿದ್ದು ಚೌಕಾಸಿ ಮಾಡುವುದರಲ್ಲಿ ಎಲ್ಲರಿಗಿಂತ ನಿಸ್ಸೀಮ ದೇಶವಾಗಿತ್ತು. ಯೂರೋ ನಾಣ್ಯ ಬೇಡವೆಂದಿತು, ಪೌಂಡ್ ಉಳಿಸಿಕೊಂಡಿತು. ಗಡಿ ತಪಾಸಣೆಯಿಲ್ಲದ ಷೆಂಗೆನ್ ಬೇಡವೆಂದಿತು, ತಪಾಸಣೆ ಉಳಿಸಿಕೊಂಡಿತು. ವಂತಿಗೆಯಲ್ಲಿ ರಿಯಾಯಿತಿ ಪಡೆಯಿತು. ಇಷ್ಟು ಗೆದ್ದದ್ದನ್ನು ತನ್ನ ಜನರಿಗೆ ಹೇಳಿಕೊಳ್ಳಲು ಯಾವ ಪ್ರಧಾನಿಯೂ ಮನಸ್ಸು ಮಾಡಲಿಲ್ಲ. ಕೆಟ್ಟದ್ದೆಲ್ಲ ಬ್ರಸೆಲ್ಸಿನದು, ಒಳ್ಳೆಯದೆಲ್ಲ ತಮ್ಮದು ಎಂದು ದಶಕಗಟ್ಟಲೆ ಹೇಳಿ, ಕೊನೆಯ ಕೆಲವು ವಾರಗಳಲ್ಲಿ ಉಳಿಯಿರಿ ಎಂದು ಬೇಡಿದರು.

ಈಗ ಸಮೀಕ್ಷೆಗಳು ಗಾಳಿ ತಿರುಗಿದೆ ಎನ್ನುತ್ತಿವೆ, ಮರಳಿ ಸೇರೋಣ ಎನ್ನುವವರು ಹೆಚ್ಚುತ್ತಿದ್ದಾರೆ. ನಾನೂ ಅವರಲ್ಲಿ ಒಬ್ಬ. 2025ರ ಮೇ ತಿಂಗಳಲ್ಲಿ ಸರ್ಕಾರ ಯುರೋಪಿನೊಂದಿಗೆ ಮಾಡಿಕೊಂಡ ಹೊಂದಾಣಿಕೆ ಜಾರಿಗೆ ಬಂದರೆ ಆ ಚೀಸ್ ಕುಟುಂಬದ ಪ್ರಮಾಣಪತ್ರದ ಕಾಟ ತಪ್ಪೀತು. ಅದಕ್ಕೆ ಪ್ರತಿಯಾಗಿ ಯುರೋಪಿನ ಆಹಾರ ನಿಯಮಗಳು ಬದಲಾದಂತೆಲ್ಲ ಬ್ರಿಟನ್ ಅವನ್ನು ಪಾಲಿಸಬೇಕು, ಅವನ್ನು ರೂಪಿಸುವ ಸಭೆಯಲ್ಲಿ ಮತವಿಲ್ಲದೆ. ಯುರೋಪಿನ ದೋಣಿಗಳಿಗೆ 2038ರವರೆಗೆ ಇಲ್ಲಿನ ಕಡಲು ತೆರೆದಿರುತ್ತದೆ. ಗ್ರಿಮ್ಸ್‌ಬಿಯ ಮೀನುಗಾರರಿಗೆ 2016ರಲ್ಲಿ ಹೇಳಿದ್ದು ಇದಲ್ಲ. ಪೂರ್ತಿಯಾಗಿ ಮರಳುವುದಾದರೆ ಹಳೆಯ ರಿಯಾಯಿತಿ ಸಿಗುವ ನಂಬಿಕೆಯಿಲ್ಲ, ಯೂರೋ ಒಪ್ಪಿಕೊಳ್ಳಿ ಎಂಬ ಮಾತು ಬರುತ್ತದೆ, ಯುರೋಪಿನವರು ಮತ್ತೆ ತಡೆಯಿಲ್ಲದೆ ಬಂದು ನೆಲೆಸುತ್ತಾರೆ, ಭಾರತದ ಜೊತೆಗಿನ ಪ್ರತ್ಯೇಕ ಒಪ್ಪಂದವನ್ನೂ ಬಿಟ್ಟುಕೊಡಬೇಕಾಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಇಂಥ ಒಪ್ಪಂದಗಳ ಕರಡು ಸಿದ್ಧವಾದ ಮೇಲೆ ಅದನ್ನು ಜನರ ಮುಂದಿಟ್ಟು ಮತ ಕೇಳುತ್ತಾರೆ. 1992ರಲ್ಲಿ ಯುರೋಪಿನ ಆರ್ಥಿಕ ವಲಯ ಸೇರುವ ಕರಡನ್ನು ಅಲ್ಲಿನವರು ಕೂದಲೆಳೆಯ ಅಂತರದಲ್ಲಿ ತಿರಸ್ಕರಿಸಿದರು, ಏನನ್ನು ತಿರಸ್ಕರಿಸುತ್ತಿದ್ದೇವೆ ಎಂಬುದು ಮುಂದಿದ್ದ ಕಾಗದದಲ್ಲಿತ್ತು. ಮರಳಿ ಸೇರುವ ಜನಮತ ಎಂದಾದರೂ ನಡೆದರೆ ಮೊದಲು ಷರತ್ತುಗಳ ಪಟ್ಟಿ ಅಚ್ಚಾಗಿ ಮನೆಮನೆಗೆ ಬರಲಿ, ಆಮೇಲೆ ಮತದ ದಿನ ಗೊತ್ತಾಗಲಿ, ಇಲ್ಲಿ ದುಡಿದು ತೆರಿಗೆ ಕಟ್ಟುತ್ತಿರುವ ಕಾಣಕೋಣದ ನನ್ನ ಗೆಳೆಯನಿಗೂ ಒಂದು ಚೀಟಿ ಸಿಗಲಿ. ಮರಳಿ ಸೇರೋಣ ಎನ್ನುವ ನನ್ನದೇ ಕಡೆಯವರು ಆ ಪಟ್ಟಿಯನ್ನು ಮುಚ್ಚಿಟ್ಟು ಮತ ಕೇಳಿದರೆ ನಾನು ಅವರ ವಿರುದ್ಧ ಮತ ಹಾಕುತ್ತೇನೆ.