ಆಸ್ಟ್ರೇಲಿಯಾದ ಕವಿತೆಗೆ ಈಗ ಬೇಕಿರುವುದು ವಿಮರ್ಶಕರು

2025ರ ಸೆಪ್ಟೆಂಬರ್‌ನಲ್ಲಿ ‘ಮಿಯಾಂಜಿನ್’ ಪತ್ರಿಕೆಯನ್ನು ವರ್ಷದ ಕೊನೆಗೆ ನಿಲ್ಲಿಸುವುದಾಗಿ ಪ್ರಕಾಶಕರು ಘೋಷಿಸಿದಾಗ ಮೆಲ್ಬರ್ನ್‌ನ ಸಾಹಿತ್ಯಾಸಕ್ತರು ಬಹಳ ನೊಂದುಕೊಂಡರು. 1940ರಲ್ಲಿ ಕ್ಲೆಮ್ ಕ್ರಿಸ್ಟೆಸೆನ್ ಬ್ರಿಸ್ಬೇನ್‌ನಲ್ಲಿ ಆರಂಭಿಸಿ, 1945ರಲ್ಲಿ ಮೆಲ್ಬರ್ನ್‌ಗೆ ತಂದು ಬೆಳೆಸಿದ ಪತ್ರಿಕೆ ಅದು. ಕಥೆ, ಕವಿತೆ, ಪ್ರಬಂಧಗಳಿಗಿದ್ದ ಒಂದು ಹಳೆಯ ನೆಲೆ ತಪ್ಪಿತೆಂದು ಹಲವರು ಹೇಳಿದರು, ಅದು ನಿಜವೇ. ನನ್ನನ್ನು ಅದಕ್ಕಿಂತ ಹೆಚ್ಚಾಗಿ ಕಾಡಿದ್ದು, ಸಾಹಿತ್ಯದ ಬಗ್ಗೆ ನಿಧಾನವಾಗಿ ಯೋಚಿಸಿ ಬರೆಯುವುದಕ್ಕೆ ಈ ದೇಶದಲ್ಲಿರುವ ಪುಟಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ ಎಂಬ ಸಂಗತಿ. ಇಲ್ಲಿ ಕವಿಗಳಿಗೆ ಬರವಿಲ್ಲ, ಪ್ರಶಸ್ತಿಗಳಿಗೂ ಬರವಿಲ್ಲ. ಒಂದು ಸಂಕಲನವನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಅದು ಎಲ್ಲಿ ಗೆದ್ದಿದೆ, ಎಲ್ಲಿ ಸೋತಿದೆ ಎಂದು ಕಾರಣ ಸಹಿತ ಹೇಳುವವರ ಬರ ಮಾತ್ರ ದೊಡ್ಡದಾಗಿದೆ.

ಕವಿತೆಯ ಸಮೃದ್ಧಿಯ ಬಗ್ಗೆ ಅನುಮಾನವಿರುವವರು 2016ರಲ್ಲಿ ಪಂಚರ್ ಅಂಡ್ ವಾಟ್‌ಮನ್ ಪ್ರಕಾಶನ ಹೊರತಂದ ‘ಕಂಟೆಂಪರರಿ ಆಸ್ಟ್ರೇಲಿಯನ್ ಪೊಯೆಟ್ರಿ’ ಎಂಬ ದಪ್ಪ ಸಂಪುಟವನ್ನು ತಿರುವಿ ನೋಡಬಹುದು. ಹೆಣ್ಣುಮಕ್ಕಳ ಬರವಣಿಗೆಗೆಂದು ಹುಟ್ಟಿದ ಸ್ಟೆಲ್ಲಾ ಪ್ರಶಸ್ತಿಯ ಸ್ಪರ್ಧೆಗೆ 2022ರಲ್ಲಿ ಮೊದಲ ಬಾರಿ ಕವನ ಸಂಕಲನಗಳನ್ನು ಸೇರಿಸಿಕೊಂಡರು. ಆ ವರ್ಷವೇ ಎವೆಲಿನ್ ಅರಲೂಯೆನ್ ಅವರ ‘ಡ್ರಾಪ್‌ಬೇರ್’ ಗೆದ್ದಿತು, ಮರುವರ್ಷ ಸಾರಾ ಹಾಲೆಂಡ್-ಬ್ಯಾಟ್ ಅವರ ‘ದಿ ಜಾಗ್ವಾರ್’ ಗೆದ್ದಿತು. ಕಾದಂಬರಿಗಳ ಎದುರು ಸತತ ಎರಡು ವರ್ಷ ಕವಿತೆ ಗೆದ್ದದ್ದು ನನಗೆ ಇಂದಿಗೂ ಹೆಮ್ಮೆಯ ವಿಷಯ. ಆದರೆ ಪ್ರಶಸ್ತಿ ಬಂದ ಪುಸ್ತಕದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಬಾರದೆ ಉಳಿದವುಗಳಲ್ಲಿ ಎಷ್ಟೋ ಪುಸ್ತಕಗಳು ಒಂದೇ ಒಂದು ವಿಮರ್ಶೆಯನ್ನೂ ಕಾಣದೆ ಗೋದಾಮು ಸೇರುತ್ತವೆ.

ಇಂಥ ಪುಸ್ತಕಗಳು ಓದುಗರ ಕೈಗೆ ಸಿಗುತ್ತಿದ್ದ ಒಂದು ಜಾಗವಿತ್ತು. ಮೆಲ್ಬರ್ನ್‌ನ ಸ್ವಾನ್‌ಸ್ಟನ್ ಬೀದಿಯ ನಿಕೊಲಸ್ ಕಟ್ಟಡದ ಮಹಡಿಯಲ್ಲಿದ್ದ ಕಲೆಕ್ಟೆಡ್ ವರ್ಕ್ಸ್ ಎಂಬ ಪುಸ್ತಕದಂಗಡಿಯನ್ನು ಕವಿ ಕ್ರಿಸ್ ಹೆಮೆನ್ಸ್‌ಲಿ ಮತ್ತು ಅವರ ಪತ್ನಿ ರೆಟ್ಟಾ ದಶಕಗಳ ಕಾಲ ನಡೆಸಿದರು. ದೊಡ್ಡ ಅಂಗಡಿಗಳು ತರಿಸದ ಸಣ್ಣ ಪ್ರಕಾಶನಗಳ ತೆಳ್ಳನೆಯ ಸಂಕಲನಗಳು ಅಲ್ಲಿ ಕಪಾಟಿನ ತುಂಬ ಇರುತ್ತಿದ್ದವು. ಪುಸ್ತಕ ಕೊಳ್ಳಲು ಬಂದವರು ಕವಿತೆಯ ಮಾತಿಗೆ ನಿಲ್ಲುತ್ತಿದ್ದರು. ಬಿಡುಗಡೆ, ವಾಚನಗಳೂ ಅಲ್ಲಿಯೇ ನಡೆಯುತ್ತಿದ್ದವು. 2018ರಲ್ಲಿ ಅದು ಮುಚ್ಚಿತು. ಪುಸ್ತಕವನ್ನು ಕೈಗೆ ಕೊಟ್ಟು ‘ಇದನ್ನು ಓದಿ, ಆಮೇಲೆ ಮಾತನಾಡೋಣ’ ಎನ್ನುವ ಅಂಗಡಿಯವರು ಇಲ್ಲದ ಊರಿನಲ್ಲಿ ಆ ಕೆಲಸವನ್ನೂ ವಿಮರ್ಶಕರೇ ಮಾಡಬೇಕಾಗುತ್ತದೆ.

ಮಾಡುತ್ತಿರುವವರು ಇಲ್ಲವೆಂದಲ್ಲ. ನನ್ನ ಮಟ್ಟಿಗೆ ಇವರಲ್ಲಿ ಮೊದಲು ಹೇಳಬೇಕಾದ ಹೆಸರು ಮಾರ್ಟಿನ್ ಡೂವೆಲ್. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ, 1970ರ ದಶಕದಲ್ಲಿ ಮಕಾರ್ ಪ್ರೆಸ್ ಮೂಲಕ ಅಂದಿನ ಹೊಸ ಕವಿಗಳನ್ನು ಅಚ್ಚುಹಾಕಿದ ಅವರು, 2000ದ ದಶಕದ ಮಧ್ಯಭಾಗದಿಂದ ‘ಆಸ್ಟ್ರೇಲಿಯನ್ ಪೊಯೆಟ್ರಿ ರಿವ್ಯೂ’ ಎಂಬ ಅಂತರ್ಜಾಲ ತಾಣದಲ್ಲಿ ತಿಂಗಳಿಗೊಂದರಂತೆ ದೀರ್ಘ ವಿಮರ್ಶೆ ಬರೆಯುತ್ತ ಬಂದಿದ್ದಾರೆ. ಹೊಸ ಸಂಕಲನವನ್ನು ಎತ್ತಿಕೊಂಡರೆ ಅವರು ಆ ಕವಿಯ ಹಿಂದಿನ ಪುಸ್ತಕಗಳಿಗೂ ಹೋಗುತ್ತಾರೆ. ಒಂದು ಪ್ರತಿಮೆ ಹಿಂದೆ ಎಲ್ಲಿ ಮೊಳೆಯಿತು, ಈಗ ಏನಾಗಿದೆ, ಪುಸ್ತಕದೊಳಗೆ ಕವಿತೆಗಳನ್ನು ಜೋಡಿಸಿದ ಕ್ರಮಕ್ಕೆ ಏನು ಅರ್ಥ ಎಂದು ಸಾಲುಗಳನ್ನು ಮುಂದಿಟ್ಟುಕೊಂಡು ವಿಚಾರ ಮಾಡುತ್ತಾರೆ. ಅರ್ಥವಾಗದ ಕವಿತೆಯನ್ನು ಅರ್ಥವಾಗಲಿಲ್ಲವೆಂದು ಹೇಳುವ ಪ್ರಾಮಾಣಿಕತೆ ಅವರಿಗಿದೆ. ನಾನು ಎಷ್ಟೋ ಕವಿಗಳನ್ನು ಓದಿದ್ದು ಅವರ ಬರಹದ ನಂತರವೇ.

ಹಾಲೆಂಡ್-ಬ್ಯಾಟ್ ಮಾಡಿದ ಕೆಲಸ ಬೇರೆ ಬಗೆಯದು, ಆದರೆ ಅಷ್ಟೇ ಮುಖ್ಯವಾದದ್ದು. ‘ದಿ ಆಸ್ಟ್ರೇಲಿಯನ್’ ದಿನಪತ್ರಿಕೆಯ ಅಂಕಣದಲ್ಲಿ ಅವರು ಇಲ್ಲಿನ ಸಂಕಲನಗಳನ್ನು ಒಂದೊಂದಾಗಿ ಎತ್ತಿಕೊಂಡು, ಅವುಗಳ ಮೂಲಕವೇ ಶೋಕಗೀತೆ ಎಂದರೇನು, ಸಾಲು ಮುರಿಯುವುದರಿಂದ ಆಗುವುದೇನು ಎಂಬುದನ್ನೆಲ್ಲ ಕವಿತೆಯ ಗಂಧವಿಲ್ಲದವರಿಗೂ ತಿಳಿಯುವಂತೆ ಬರೆದರು. 2021ರಲ್ಲಿ ಆ ಅಂಕಣಗಳು ‘ಫಿಶಿಂಗ್ ಫಾರ್ ಲೈಟ್ನಿಂಗ್’ ಎಂಬ ಹೆಸರಿನಲ್ಲಿ ಪುಸ್ತಕವಾದವು. ಕವಿತೆ ಜನರಿಗೆ ಬೇಡವಾಗಿದೆ ಎಂದು ಪುಟ ಕಡಿತ ಮಾಡುವ ಸಂಪಾದಕರು ಅದನ್ನೊಮ್ಮೆ ಓದಬೇಕು.

ಇನ್ನು ಈ ಬಳಗದ ನಿಜವಾದ ಕಷ್ಟಕ್ಕೆ ಬರುತ್ತೇನೆ. ಇದು ಬಹಳ ಚಿಕ್ಕ ಬಳಗ. ಕವಿಯೇ ವಿಮರ್ಶಕ, ವಿಮರ್ಶಕನೇ ಸಂಪಾದಕ, ಸಂಪಾದಕನೇ ಮುಂದಿನ ವರ್ಷ ತೀರ್ಪುಗಾರ. ಲೆಸ್ ಮರ್ರೆ ದಶಕಗಳ ಕಾಲ ‘ಕ್ವಾಡ್ರಂಟ್’ ಪತ್ರಿಕೆಗೆ, ಗಿಗ್ ರಯಾನ್ ‘ದಿ ಏಜ್’ ದಿನಪತ್ರಿಕೆಗೆ, ಜೂಡಿತ್ ಬೆವರಿಜ್ ‘ಮಿಯಾಂಜಿನ್’ಗೆ ಕವಿತೆಗಳನ್ನು ಆರಿಸಿದವರು, ಮೂವರೂ ಮೊದಲು ಕವಿಗಳು. ಬೇರೆ ದಾರಿಯೂ ಇಲ್ಲ, ಏಕೆಂದರೆ ಕವಿತೆಯನ್ನು ಅಷ್ಟು ಶ್ರದ್ಧೆಯಿಂದ ಓದುವವರು ಬಹುಪಾಲು ಕವಿಗಳೇ. ಆದರೆ ಇಂದು ನಾನು ಟೀಕಿಸಿದವರು ನಾಳೆ ನನ್ನ ಅರ್ಜಿಯನ್ನು ನೋಡುವ ಸಮಿತಿಯಲ್ಲಿರಬಹುದು ಎಂಬ ಅಳುಕು ಪೆನ್ನನ್ನು ಹಿಡಿದು ನಿಲ್ಲಿಸುತ್ತದೆ. ಬೆನ್ನುಡಿಯ ಹೊಗಳಿಕೆಯೇ ತುಸು ಹಿಗ್ಗಿ ವಿಮರ್ಶೆಯಾಗಿ ಪ್ರಕಟವಾಗುವುದು ಹೀಗೆ. ಸ್ನೇಹವಿದ್ದರೆ ಮೊದಲ ಪ್ಯಾರಾದಲ್ಲಿಯೇ ಅದನ್ನು ಹೇಳಿಬಿಡಬೇಕು. ಹೊಗಳಲಿ, ತೆಗಳಲಿ, ಸಾಲುಗಳನ್ನು ಉಲ್ಲೇಖಿಸಿಯೇ ಮಾತನಾಡಬೇಕು. ಮೆಲ್ಬರ್ನ್, ಸಿಡ್ನಿಗಳ ನಮ್ಮ ಕನ್ನಡ ಕವಿಗೋಷ್ಠಿಗಳಲ್ಲಿಯೂ ಚಪ್ಪಾಳೆಗೆ ಕೊರತೆಯಿಲ್ಲ, ಮೂರನೆಯ ಸಾಲು ಏಕೆ ನಿಲ್ಲುತ್ತಿಲ್ಲ ಎಂದು ಹೇಳುವವರು ಮಾತ್ರ ಅಪರೂಪ. ಹಾಗಾಗಿ ಈ ಅಳುಕು ನನಗೆ ಹೊಸದೇನಲ್ಲ.

ಇದಕ್ಕಿಂತ ಆಳದ ಪ್ರಶ್ನೆಯನ್ನು ಎತ್ತಿದವರು ಮೂಲನಿವಾಸಿ ಕವಿಗಳು. 1964ರಲ್ಲಿ ಊಡ್ಜರೂ ನೂನಕ್ಕಲ್, ಕ್ಯಾತ್ ವಾಕರ್ ಎಂಬ ಅಂದಿನ ಹೆಸರಿನಲ್ಲಿ, ‘ವಿ ಆರ್ ಗೋಯಿಂಗ್’ ಸಂಕಲನವನ್ನು ಪ್ರಕಟಿಸಿದಾಗ ಓದುಗರು ಅದನ್ನು ಮುಗಿಬಿದ್ದು ಕೊಂಡರು. ಕೆಲವು ವಿಮರ್ಶಕರು ಮಾತ್ರ ಇದು ಪ್ರಚಾರ, ಕಾವ್ಯವಲ್ಲ ಎಂದು ತಳ್ಳಿಹಾಕಿದರು. ಆ ಧೋರಣೆ ಇಂದು ಅಷ್ಟು ಬಹಿರಂಗವಾಗಿ ಕಾಣುವುದಿಲ್ಲ. ಆದರೂ 2017ರಲ್ಲಿ ನ್ಯೂ ಸೌತ್ ವೇಲ್ಸ್‌ನ ಹನ್ನೆರಡನೆಯ ತರಗತಿಯ ಇಂಗ್ಲಿಷ್ ಪರೀಕ್ಷೆಯಲ್ಲಿ ಎಲೆನ್ ವಾನ್ ನೀರ್ವನ್ ಅವರ ‘ಮ್ಯಾಂಗೊ’ ಎಂಬ ಪುಟ್ಟ ಕವಿತೆ ಬಂದಾಗ, ಅದು ತಿಳಿಯಲಿಲ್ಲವೆಂದು ಕೆಲವು ವಿದ್ಯಾರ್ಥಿಗಳು ಕವಿಯನ್ನೇ ಸಾಮಾಜಿಕ ಜಾಲತಾಣಗಳಲ್ಲಿ ಹುಡುಕಿ ನಿಂದಿಸಿದರು. ಕವಿತೆ ಓದುವುದನ್ನು ಕಲಿಸದ ಸಮಾಜ ಹೇಗೆ ವರ್ತಿಸುತ್ತದೆ ಎಂಬುದು ಅಂದು ಕಣ್ಣಿಗೆ ರಾಚುವಂತೆ ಕಂಡಿತು.

ವಿರಾಜುರಿ ಜನಾಂಗದ ಕವಿ, ವಿದ್ವಾಂಸೆ ಜೀನೀನ್ ಲೀನ್ ತಮ್ಮ ಪ್ರಬಂಧಗಳಲ್ಲಿ ಹೇಳುತ್ತ ಬಂದಿರುವುದು ಇದನ್ನೇ: ಮೂಲನಿವಾಸಿ ಬರಹವನ್ನು ಅಳೆಯಲು ಬರುವವರಿಗೆ ಆ ನೆಲದ, ಆ ಸಮುದಾಯದ ತಿಳಿವಳಿಕೆ ಇರಬೇಕು, ಸಹಾನುಭೂತಿಯ ಹೊಗಳಿಕೆ ಆ ತಿಳಿವಳಿಕೆಗೆ ಬದಲಾಗಲಾರದು. ನಾನು ಇದನ್ನು ಸಂಪೂರ್ಣವಾಗಿ ಒಪ್ಪುತ್ತೇನೆ. 2020ರಲ್ಲಿ ಲೀನ್ ಸಂಪಾದಿಸಿದ ‘ಗುವಾಯು’, ಆಲಿಸನ್ ವಿಟೇಕರ್ ಸಂಪಾದಿಸಿದ ‘ಫೈರ್ ಫ್ರಂಟ್’ ಎಂಬ ಮೂಲನಿವಾಸಿ ಕಾವ್ಯದ ಸಂಕಲನಗಳೆರಡನ್ನೂ ನಾನು ಈ ಕಾರಣಕ್ಕಾಗಿಯೇ ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ಏಷ್ಯಾ ಮೂಲದ ಕವಿಗಳ ವಿಷಯದಲ್ಲಿ 2007ರಿಂದ ಮಿಶೆಲ್ ಕಾಹಿಲ್ ನಡೆಸಿದ ‘ಮಸ್ಕಾರಾ’ ಪತ್ರಿಕೆ ಇಂಥದೇ ಕೊರತೆಯನ್ನು ತುಂಬಿತು. ಬೆವರಿಜ್ ಅವರು ಬುದ್ಧನ ದಾಯಾದಿ ದೇವದತ್ತನ ಬಾಯಲ್ಲಿ ಒಂದು ಇಡೀ ಸಂಕಲನವನ್ನೇ ಬರೆದಿದ್ದಾರೆ. ಅಂಥ ಪುಸ್ತಕವನ್ನು ಬೌದ್ಧ ಕಥೆಗಳನ್ನು ಬಲ್ಲವರೂ ಓದಿ ಬರೆಯಬೇಕಲ್ಲವೇ?

ಇನ್ನು ಹಣದ ಮಾತು. 2017ರಲ್ಲಿ ಅಮೆರಿಕದ ವಿಂಡಮ್-ಕ್ಯಾಂಬೆಲ್ ಪ್ರಶಸ್ತಿಯ 1,65,000 ಡಾಲರ್ ಬಂದ ಸುದ್ದಿ ತಲುಪಿದಾಗ ಮೂಲನಿವಾಸಿ ಕವಿ ಆಲಿ ಕಾಬಿ ಎಕರ್ಮನ್ ಕೆಲಸವಿಲ್ಲದೆ, ದಕ್ಷಿಣ ಆಸ್ಟ್ರೇಲಿಯಾದಲ್ಲಿ ಒಂದು ಕ್ಯಾರವಾನ್‌ನಲ್ಲಿ ವಾಸವಾಗಿದ್ದರು. ಅವರ ‘ರೂಬಿ ಮೂನ್‌ಲೈಟ್’ಗೆ 2013ರಲ್ಲೇ ನ್ಯೂ ಸೌತ್ ವೇಲ್ಸ್‌ನ ವರ್ಷದ ಪುಸ್ತಕ ಪ್ರಶಸ್ತಿ ಬಂದಿತ್ತು. ಕವಿಗಳ ಸ್ಥಿತಿಯೇ ಹೀಗಿರುವಾಗ, ಒಂದು ಸಂಕಲನವನ್ನು ವಾರಗಟ್ಟಲೆ ಓದಿ ಬರೆಯುವ ವಿಮರ್ಶಕರ ಸಂಭಾವನೆಯ ಬಗ್ಗೆ ಯಾರು ಕೇಳುತ್ತಾರೆ? ಒಕ್ಕೂಟ ಸರ್ಕಾರ 2023ರ ಸಂಸ್ಕೃತಿ ನೀತಿಯಲ್ಲಿ ರಾಷ್ಟ್ರಕವಿಯೊಬ್ಬರನ್ನು ನೇಮಿಸುವುದಾಗಿ ಮಾತು ಕೊಟ್ಟಿತು; ಸಾಹಿತ್ಯಕ್ಕೆಂದೇ ‘ರೈಟಿಂಗ್ ಆಸ್ಟ್ರೇಲಿಯಾ’ ಎಂಬ ಸಂಸ್ಥೆಯೂ ಬಂದಿದೆ. ಎರಡನ್ನೂ ನಾನು ಸ್ವಾಗತಿಸುತ್ತೇನೆ. ಜೊತೆಗೆ, ಕವಿತೆಯ ದೀರ್ಘ ವಿಮರ್ಶೆಗಳನ್ನು ಪ್ರಕಟಿಸುವ ಪತ್ರಿಕೆಗಳಿಗೆ ವಿಮರ್ಶಕರ ಸಂಭಾವನೆಗೆಂದೇ ಪ್ರತ್ಯೇಕ ಅನುದಾನವನ್ನು ಆ ಸಂಸ್ಥೆ ಮೀಸಲಿಡಬೇಕು, ಅದರಲ್ಲಿ ಒಂದು ಪಾಲು ಮೂಲನಿವಾಸಿ ವಿಮರ್ಶಕರನ್ನು ಬೆಳೆಸಲು ಹೋಗಬೇಕು ಎಂಬುದು ನನ್ನ ಒತ್ತಾಯ. ಇಲ್ಲಿ ನೆಲೆಸಿರುವ ಕನ್ನಡದ ಬರಹಗಾರರೂ ಈ ಬೇಡಿಕೆಗೆ ದನಿಗೂಡಿಸಬೇಕೆಂದು ಕೇಳಿಕೊಳ್ಳುತ್ತೇನೆ.