ಯಾಮಾರ್ಸೆ

ಸ್ಪ್ಯಾನಿಷ್ ಕಲಿಯಲು ಕೂತ ಮೊದಲ ವಾರವೇ ಸಿಕ್ಕಿದ ಕ್ರಿಯಾಪದ ‘ಯಾಮಾರ್ಸೆ’. ಯಾಮಾರಿಸೋದು ಅಂದರೆ ಏನು ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾ? ಸ್ಪ್ಯಾನಿಷ್‌ನಲ್ಲಿ ಮಾತ್ರ ಅದು ಹೆಸರಿಟ್ಟು ಕರೆದುಕೊಳ್ಳುವುದು. ‘ಮೆ ಯಾಮೊ’ ಅಂದು ಮುಂದೆ ನಿಮ್ಮ ಹೆಸರು ಹೇಳಿದರೆ ಪರಿಚಯ ಮುಗಿಯಿತು. ಕೊನೆಯಲ್ಲೊಂದು ‘ಸೆ’ ಇದೆಯಲ್ಲ, ನನ್ನನ್ನು ನಿಜವಾಗಿ ಯಾಮಾರಿಸಿದ್ದು ಅದು.

ಆನ್‌ಲೈನ್ ಕ್ಲಾಸು, ಟೀಚರ್ ಮೆಕ್ಸಿಕೋದವರು. ದಿನಚರಿ ಹೇಳಿ ಅಂದರು. ಆರಕ್ಕೆ ಏಳುತ್ತೇನೆ ಅಂತ ಹೇಳಲು ಹೋಗಿ ‘ಲೆಬಾಂತೊ’ ಅಂದೆ. ‘ಏನನ್ನು?’ ಅಂತ ಕೇಳಿದರು. ‘ಮೆ’ ಬಿಟ್ಟ ತಪ್ಪಿಗೆ ನಾನು ಬೆಳಗ್ಗೆ ಆರಕ್ಕೆ ಏನನ್ನೋ ಎತ್ತುತ್ತಿದ್ದೆ, ಬಹುಶಃ ಗ್ಯಾಸ್ ಸಿಲಿಂಡರ್. ‘ಮೆ ಲೆಬಾಂತೊ’ ಅಂದರೆ ಮಾತ್ರ ಏಳುವುದು. ನನಗೆ ಮೆ, ನಿನಗೆ ತೆ, ನಮಗೆ ನೋಸ್, ಅವನು ಅವಳು ಅವರು ಎಲ್ಲರಿಗೂ ಸೆ. ಸ್ಪೇನಿನಲ್ಲಿ ನೀವೆಲ್ಲ ಅನ್ನುವುದಕ್ಕೆ ಓಸ್ ಅಂತ ಇನ್ನೊಂದಿದೆ. ಮೆಕ್ಸಿಕೋದವರು ಅದನ್ನು ಕೈಬಿಟ್ಟಿದ್ದಾರೆ, ಅವರ ಹೊಟ್ಟೆ ತಣ್ಣಗಿರಲಿ.

ಇಂಗ್ಲಿಷ್ ಮೂಲಕ ಇದನ್ನೆಲ್ಲ ತಲೆಗೆ ಇಳಿಸಿಕೊಳ್ಳಲು ತಿಂಗಳುಗಟ್ಟಲೆ ಹೆಣಗಿದೆ. ಒಂದು ಸಂಜೆ ಮಗನಿಗೆ ‘ಕೈ ತೊಳ್ಕೊಂಡು ಬಂದು ಕೂತ್ಕೋ’ ಅಂದೆ. ಅಂದವಳು ಸಾರಿನ ಸೌಟು ಹಿಡಿದು ಅಲ್ಲೇ ನಿಂತೆ. ತೊಳ್ಕೋ, ‘ಲಾಬತೆ’. ಕೂತ್ಕೋ, ‘ಸಿಯೆಂತತೆ’. ಅದೇ ಅಲ್ವಾ ಇದು! ನಮ್ಮ ‘ಕೋ’ ಥರ ಅವರ ‘ತೆ’ಯೂ ಹೀಗೆ ಹೇಳುವಾಗ ಕ್ರಿಯಾಪದದ ಬಾಲಕ್ಕೇ ಅಂಟಿಕೊಳ್ಳುತ್ತದೆ. ‘ನಿನ್ನ ಕೈ’ ಅಂತ ನಾವೂ ಹೇಳುವುದಿಲ್ಲ, ಅವರೂ ಹೇಳುವುದಿಲ್ಲ. ತೊಳ್ಕೋ ಅಂದ ಮೇಲೆ ಪಕ್ಕದ ಮನೆಯವರ ಕೈ ತೊಳೆಯುತ್ತಾನಾ? ಮದುವೆಯೂ ಹಾಗೇ. ‘ಕಸಾರ್’ ಅಂದರೆ ಮದುವೆ ಮಾಡುವುದು, ಅದು ಪಾದ್ರಿಯ ಕೆಲಸ. ‘ಕಸಾರ್ಸೆ’ ಅಂದರೆ ಮಾಡಿಕೊಳ್ಳುವುದು. ಮುಂದಿನದ್ದೆಲ್ಲ ಮಾಡಿಕೊಂಡವರದ್ದು.

ಎಲ್ಲ ಕಡೆ ನಮ್ಮ ‘ಕೊಳ್ಳು’ ನಡೆಯುವುದಿಲ್ಲ. ನಾವು ಸುಮ್ನೆ ಏಳುತ್ತೇವೆ, ಎದ್ದುಕೊಳ್ಳುವುದಿಲ್ಲ. ಇಡೀ ಪಿಜ್ಜಾ ಖಾಲಿ ಮಾಡಿದವನು ಅಲ್ಲಿ ‘ಮೆ ಕೋಮಿ’ ಅಂದರೆ ತಿಂದುಕೊಂಡೆ ಅಂತಲ್ಲ, ತಿಂದುಬಿಟ್ಟೆ ಅಂತ.

ನನಗೆ ಜಾಸ್ತಿ ಇಷ್ಟವಾದ ‘ಸೆ’ ಬೇರೆಯದೇ. ಕೈಯಲ್ಲಿದ್ದ ಲೋಟ ಬಿದ್ದರೆ ‘ಸೆ ಮೆ ಕಯೋ’. ಬಿದ್ದದ್ದು ಲೋಟ, ನಾನು ಪಾಪ ಅಲ್ಲಿದ್ದೆ ಅಷ್ಟೆ. ಮರೆತರೆ ‘ಸೆ ಮೆ ಒಲ್ಬಿದೋ’, ನನಗೆ ಮರೆತುಹೋಯ್ತು. ಹೋದದ್ದು ಅದು, ನನ್ನನ್ನೇನು ಕೇಳುತ್ತೀರಿ? ಕಳೆದ ವಾರ ಟೀಚರ್ ಹೋಂವರ್ಕ್ ಎಲ್ಲಿ ಅಂದಾಗ ಇದನ್ನೇ ಒಂದಕ್ಷರ ತಪ್ಪದೆ ಹೇಳಿದೆ. ‘ಮುಯ್ ಬಿಯೆನ್’ ಅಂತ ಮೆಚ್ಚಿಕೊಂಡು, ಎರಡು ಪಾಠದ ಹೋಂವರ್ಕ್ ಒಟ್ಟಿಗೇ ಕೊಟ್ಟರು.